ಮೆರವಣಿಗೆ ಆಯ್ತು, ಕ್ಲಾಸ್‌ರೂಮ್ ಎಲ್ಲಿ?

ಊರಿನ ಕಡೆಯಿಂದ ವಾಟ್ಸಾಪ್‌ಗೆ ಆಗಾಗ ಒಂದೇ ಥರದ ವಿಡಿಯೊ ಬರುತ್ತದೆ. ತೆರೆದ ಜೀಪಿಗೆ ಚೆಂಡು ಹೂವಿನ ಅಲಂಕಾರ. ಮುಂದೆ ಡೊಳ್ಳು, ಹಿಂದೆ ಡಿಜೆ. ಜೀಪಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತವನ ಕತ್ತಿನಲ್ಲಿ ಗಲ್ಲ ಮುಚ್ಚುವಷ್ಟು ಹಾರ. ಶಾಲೆ ಮಕ್ಕಳು ಬಾವುಟ ಹಿಡಿದು ಓಡುತ್ತಾರೆ. ಹೆಂಗಸರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಸೇನೆಯಿಂದ ನಿವೃತ್ತನಾಗಿ ಬಂದವನಿಗೆ ಊರವರ ಸ್ವಾಗತ. ಹಾಸನ, ಧಾರವಾಡ, ಬೆಳಗಾವಿ, ಬಾಗಲಕೋಟೆ, ಎಲ್ಲ ಕಡೆ ಈಗ ಇದು ರೂಢಿ. ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ಜೀಪಿನಲ್ಲಿ ನಿಂತವನನ್ನು ಸ್ವಲ್ಪ ಗಮನಿಸಿ. ತಲೆಯಲ್ಲಿ ಒಂದು ಬಿಳಿ ಕೂದಲೂ ಇರುವುದಿಲ್ಲ. ವಯಸ್ಸು ಮೂವತ್ತೇಳೋ ಮೂವತ್ತೆಂಟೋ. ಆರತಿ ಎತ್ತುವ ತಾಯಿಗೇ ಇನ್ನೂ ಅರವತ್ತು ತುಂಬಿರುವುದಿಲ್ಲ. ಮೂರು ತಿಂಗಳಾದ ಮೇಲೆ ಇವನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ? ಆ ವಿಡಿಯೊ ಯಾರೂ ಕಳಿಸುವುದಿಲ್ಲ.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಈ ಊರು ತನ್ನನ್ನು ತಾನೇ ಮಿಲಿಟರಿ ಸಿಟಿ ಅಂತ ಕರೆದುಕೊಳ್ಳುತ್ತದೆ. ಫೋರ್ಟ್ ಸ್ಯಾಮ್ ಹ್ಯೂಸ್ಟನ್, ಲ್ಯಾಕ್‌ಲ್ಯಾಂಡ್, ರ‍್ಯಾಂಡಾಲ್ಫ್, ಮೂರು ದೊಡ್ಡ ಸೇನಾ ನೆಲೆಗಳು ಊರಿಗೆ ಅಂಟಿಕೊಂಡಿವೆ. ಅಮೆರಿಕದ ವಾಯುಪಡೆಗೆ ಸಿಪಾಯಿ ದರ್ಜೆಯಲ್ಲಿ ಸೇರುವ ಹುಡುಗ ಹುಡುಗಿಯರೆಲ್ಲ ಮೊದಲ ತರಬೇತಿಗೆ ಲ್ಯಾಕ್‌ಲ್ಯಾಂಡ್‌ಗೇ ಬರಬೇಕು. ಹಾಗಾಗಿ ಇಲ್ಲಿ ಅಂಗಡಿ, ಚರ್ಚು, ಜಿಮ್ಮು ಎಲ್ಲಿ ಹೋದರೂ ಒಬ್ಬ ಮಾಜಿ ಸೈನಿಕ ಸಿಗುತ್ತಾನೆ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅವರಿಗೆ 10% ರಿಯಾಯಿತಿ ಇದೆ. ಕೆಲವು ಅಂಗಡಿಗಳ ಮುಂದೆ ಅವರ ಕಾರಿಗೇ ಅಂತ ಗೆರೆ ಎಳೆದ ಜಾಗ. ಸೇನೆಯಲ್ಲಿದ್ದವರು ಅಂತ ಗೊತ್ತಾದ ಕೂಡಲೇ ಜನ 'ನಿಮ್ಮ ಸೇವೆಗೆ ಧನ್ಯವಾದ' ಅನ್ನುತ್ತಾರೆ. ಹೇಳುವವರಿಗೆ ಖರ್ಚಿಲ್ಲ, ಕೇಳುವವರಲ್ಲಿ ಎಷ್ಟೋ ಜನಕ್ಕೆ ಮುಜುಗರ. ಇದು ಅವರ ಮೆರವಣಿಗೆ ಅಂದುಕೊಳ್ಳಿ. ಇದರಲ್ಲಿ ನಮಗೂ ಅವರಿಗೂ ದೊಡ್ಡ ವ್ಯತ್ಯಾಸ ಇಲ್ಲ.

ವ್ಯತ್ಯಾಸ ನನಗೆ ಕಾಣುವುದು ಕ್ಲಾಸಿನಲ್ಲಿ. ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪ್ರತಿ ಸೆಮಿಸ್ಟರಿನಲ್ಲೂ ಹದಿನೆಂಟರ ಹುಡುಗರ ನಡುವೆ ಇಪ್ಪತ್ತಾರು, ಮೂವತ್ತು ವಯಸ್ಸಿನ ಒಂದಿಬ್ಬರು ಇರುತ್ತಾರೆ. ಹತ್ತು ನಿಮಿಷ ಮೊದಲೇ ಬಂದು ಕೂತಿರುತ್ತಾರೆ. ಸೇನೆಯಲ್ಲಿ ಕೊಡುವ ಹಸಿರು ರಟ್ಟಿನ ನೋಟ್‌ಬುಕ್ಕನ್ನೇ ಇನ್ನೂ ಬಳಸುತ್ತಿರುತ್ತಾರೆ. ಭಿನ್ನರಾಶಿ ಪೂರ್ತಿ ಮರೆತುಹೋಗಿರುತ್ತದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದಕ್ಕೆ ಹಿಂಜರಿಯುವುದಿಲ್ಲ. ಹದಿನೆಂಟರ ಹುಡುಗರು ಕೇಳಲು ನಾಚುವ ಪ್ರಶ್ನೆಗಳನ್ನೆಲ್ಲ ಇವರೇ ಕೇಳುತ್ತಾರೆ, ನನ್ನ ಪಾಠ ಸಲೀಸಾಗುತ್ತದೆ.

ಒಮ್ಮೆ ಹೀಗಾಯಿತು. ಅಫ್ಘಾನಿಸ್ತಾನದಲ್ಲಿ ಸೇನೆಯ ಲಾರಿ ಓಡಿಸಿ ಬಂದಿದ್ದ ಒಬ್ಬ ನನ್ನ ಕ್ಲಾಸಿನಲ್ಲಿದ್ದ. ನಾಲ್ಕು ಜನ ಸೇರಿ ಮಾಡಬೇಕಾದ ಪ್ರಾಜೆಕ್ಟು. ಉಳಿದ ಮೂವರು ಹುಡುಗರು ಕೈ ಕೊಟ್ಟರು. ಇವನು ರಾತ್ರಿಯೆಲ್ಲ ಕೂತು ಒಬ್ಬನೇ ಮುಗಿಸಿ ತಂದ. ಕೊಟ್ಟು ಹೋಗುವಾಗ ನಿಂತು ಕೇಳಿದ: "ಸರ್, ಅವರಿಗೆ ಯಾರೂ ಏನೂ ಅನ್ನಲ್ವಾ?" ಮಾರ್ಕ್ಸ್ ಕಮ್ಮಿ ಆಗುತ್ತೆ ಅಷ್ಟೇ ಅಂದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯ ಇತ್ತು. ಆರು ವರ್ಷ ಒಬ್ಬರ ತಪ್ಪಿಗೆ ಇನ್ನೊಬ್ಬರ ಜೀವ ಹೋಗುವ ಕಡೆ ಇದ್ದವನು ಅವನು. ಈಗ ತಪ್ಪು ಮಾಡಿದರೂ ಯಾರೂ ಕೂಗಾಡದ ಜಾಗಕ್ಕೆ ಬಂದಿದ್ದ. ಅದಕ್ಕೆ ಹೊಂದಿಕೊಳ್ಳಲು ಒಂದಿಷ್ಟು ವರ್ಷ, ಒಂದು ಬೆಂಚು, ಅಕ್ಕಪಕ್ಕ ಸೇನೆಯ ಗಂಧಗಾಳಿ ಇಲ್ಲದ ಜನ ಬೇಕು. ಕಾಲೇಜು ಅವನಿಗೆ ಕೊಟ್ಟಿದ್ದು ಮುಖ್ಯವಾಗಿ ಇದನ್ನೇ. ಬೀಜಗಣಿತ ಆಮೇಲೆ.

ಇವರ ಫೀಸು ಕಟ್ಟುವುದು ಸರ್ಕಾರ. ಇಲ್ಲಿ ಎಲ್ಲರೂ ಜಿಐ ಬಿಲ್ ಅಂತ ಕರೆಯುವ ಕಾನೂನು ಅದು. ಈಗಿರುವ ರೂಪ 2009ರಲ್ಲಿ ಜಾರಿಗೆ ಬಂತು. ಮೂರು ವರ್ಷ ಸೇವೆ ಮಾಡಿದವರಿಗೆ 36 ತಿಂಗಳ ಓದು ಸಿಗುತ್ತದೆ. ಸರ್ಕಾರಿ ಕಾಲೇಜಾದರೆ ಪೂರ್ತಿ ಫೀಸು. ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್‌ವರೆಗೆ. ಇದರ ಮೇಲೆ, ಓದುತ್ತಿರುವಷ್ಟು ಕಾಲ ಆ ಊರಿನ ಮನೆ ಬಾಡಿಗೆ ನೋಡಿ ಲೆಕ್ಕ ಹಾಕಿದ ತಿಂಗಳ ಹಣ. ಜೀವಾಳ ಇರುವುದು ಈ ಕೊನೆಯದರಲ್ಲಿ. ಹೆಂಡತಿ, ಮಗು ಇರುವ ಇಪ್ಪತ್ತೆಂಟರ ಮನುಷ್ಯ ಕಾಲೇಜಿಗೆ ಬರಬೇಕಾದರೆ ಫೀಸು ಮನ್ನಾ ಮಾಡಿದರೆ ಸಾಲದು, ಮನೆ ನಡೆಯಬೇಕು. ಹಾಗಂತ ಇದು ಸುಮ್ನೆ ಬರುವ ದುಡ್ಡಲ್ಲ. ಯಾರು ಎಷ್ಟು ಕ್ಲಾಸಿಗೆ ಸೇರಿದ್ದಾರೆ ಅಂತ ಕಾಲೇಜಿನ ಒಬ್ಬ ನೌಕರ ಮಾಜಿ ಸೈನಿಕರ ಇಲಾಖೆಗೆ ವರದಿ ಕಳಿಸುತ್ತಿರುತ್ತಾನೆ. ನಡುವೆ ಕೋರ್ಸು ಬಿಟ್ಟರೆ ಹಣ ಕಡಿತ. ಕೆಲವು ಸಲ ಕೊಟ್ಟಿದ್ದನ್ನೂ ವಾಪಸ್ ಕೇಳುತ್ತಾರೆ. ಕ್ಲಾಸಿಲ್ಲದ ರಜೆಯಲ್ಲಿ ಬಾಡಿಗೆ ಹಣ ಬರಲ್ಲ. ಅದಕ್ಕೇ ಬೇಸಿಗೆಯ ಬಿಸಿಲಿನಲ್ಲೂ ನನ್ನ ಕ್ಲಾಸಿನಲ್ಲಿ ಇವರೇ ಜಾಸ್ತಿ. ಈ 36 ತಿಂಗಳು ಮುಗಿದರೂ ಟೆಕ್ಸಸ್ ರಾಜ್ಯದ್ದೇ ಬೇರೆ ಕಾನೂನಿದೆ. ಇಲ್ಲಿಂದ ಸೇನೆಗೆ ಹೋದವರಿಗೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಗಂಟೆಗಳವರೆಗೆ ಫೀಸು ಮನ್ನಾ.

ಈಗ ನನ್ನ ಚಿಕ್ಕಪ್ಪನ ವಿಷಯ ಹೇಳಬೇಕು.

ಚಿಕ್ಕಪ್ಪ ಹಾಸನ ಜಿಲ್ಲೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಎಂಇಜಿಗೆ, ಅಂದರೆ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ತೆಗೆಯುವುದು ಇವರ ಕೆಲಸ. ಉಕ್ಕಿನ ಚೌಕಟ್ಟುಗಳನ್ನು ಪಿನ್ನು ಹಾಕಿ ಜೋಡಿಸಿ, ಹೊಳೆಯ ಆ ದಡಕ್ಕೆ ತಳ್ಳಿ ನಿಲ್ಲಿಸುವ ಬೈಲಿ ಸೇತುವೆಯನ್ನು ಅವರು ಈಶಾನ್ಯದಲ್ಲೂ ಕಾಶ್ಮೀರದಲ್ಲೂ ಕಟ್ಟಿದ್ದಾರೆ. ಕತ್ತಲಲ್ಲಿ, ಟಾರ್ಚು ಹಾಕದೆ, ಕೈಯಲ್ಲೇ ತಡವಿ ಪಿನ್ನು ಕೂರಿಸಿದ್ದನ್ನು ಹೇಳುವಾಗ ಈಗಲೂ ಅವರ ಬೆರಳು ಆಡುತ್ತದೆ. ಹವಾಲ್ದಾರ್ ಆಗಿ ನಲವತ್ತಕ್ಕೆ ಮುಂಚೆಯೇ ಮನೆಗೆ ಬಂದರು. ಆಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತರು. ಅರವತ್ತರವರೆಗೆ ಅಲ್ಲೇ.

ಆ ನಡುವೆ ನಮ್ಮೂರಿನ ಹಳ್ಳಕ್ಕೆ ಸೇತುವೆ ಆಯಿತು. ಎರಡೇ ಮಳೆಗಾಲಕ್ಕೆ ಒಂದು ಕಡೆ ಕುಸಿಯಿತು. ಚಿಕ್ಕಪ್ಪ ರಜೆಯ ದಿನ ಹೋಗಿ ನೋಡಿಕೊಂಡು ಬಂದು ಎಲ್ಲಿ ತಪ್ಪಾಗಿದೆ ಅಂತ ನಮಗೆ ಚಿತ್ರ ಬರೆದು ತೋರಿಸಿದರು. ಕಂಟ್ರಾಕ್ಟರ್‌ಗೆ ಹೇಳಬಹುದಿತ್ತಲ್ಲ ಅಂದದ್ದಕ್ಕೆ, "ಗನ್‌ಮ್ಯಾನ್ ಮಾತು ಯಾರು ಕೇಳ್ತಾರ್ಲಾ ಮಗ" ಅಂದರು. ಬೇಜಾರೇನೂ ಇರಲಿಲ್ಲ ಆ ದನಿಯಲ್ಲಿ. ನನಗೇ ಬೇಜಾರಾಯಿತು.

ಚಿಕ್ಕಪ್ಪನಿಗೆ ದೇಶ ಏನೂ ಕೊಡಲಿಲ್ಲ ಅನ್ನುವಂತಿಲ್ಲ. ಪೆನ್ಷನ್ ಬರುತ್ತದೆ. ಏಕ ಶ್ರೇಣಿ ಏಕ ಪಿಂಚಣಿ ಆದೇಶ 2015ರಲ್ಲಿ ಬಂದ ಮೇಲೆ ಅದು ಇನ್ನಷ್ಟು ಹೆಚ್ಚಿತು. ಕ್ಯಾಂಟೀನ್ ಕಾರ್ಡ್ ಇದೆ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಿಂದ ಗಂಡ ಹೆಂಡತಿ ಇಬ್ಬರಿಗೂ ಆಸ್ಪತ್ರೆ ಖರ್ಚಿನ ಚಿಂತೆ ಇಲ್ಲ. ಸರ್ಕಾರಿ ನೌಕರಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ್ದರೆ ಕೇಂದ್ರದ ಸಿ ದರ್ಜೆ ಹುದ್ದೆಗೆ ಪದವೀಧರರಿಗೆ ಸಮ ಅಂತ ಲೆಕ್ಕ. ಆದರೆ ಈ ಲೆಕ್ಕ ಕಾಗದದ ಮೇಲೆ ಮಾತ್ರ. ಚಿಕ್ಕಪ್ಪ ಪದವೀಧರ ಅಂತ ಒಪ್ಪಿಕೊಂಡ ಸರ್ಕಾರ ಅವರಿಗೆ ಒಂದು ಸಿವಿಲ್ ಡಿಪ್ಲೊಮಾ ಓದಿಸಲಿಲ್ಲ. ಕೇಂದ್ರದ ಪುನರ್ವಸತಿ ನಿರ್ದೇಶನಾಲಯ ಕೊನೆಯ ವರ್ಷದಲ್ಲಿ ಕೋರ್ಸುಗಳನ್ನು ನಡೆಸುತ್ತದೆ, ನಿಜ. ಅದೇ ನಿರ್ದೇಶನಾಲಯ ಸೆಕ್ಯುರಿಟಿ ಏಜೆನ್ಸಿಗಳನ್ನೂ ಪಟ್ಟಿ ಮಾಡಿ ಮಾಜಿ ಸೈನಿಕರಿಗೆ ಕಾವಲು ಕೆಲಸ ಕೊಡಿಸುತ್ತದೆ. ಕೊನೆಗೆ ಹೆಚ್ಚಿನವರು ಸೇರುವುದು ಅಲ್ಲಿಗೇ. ವಿಮಾನ, ಸೇತುವೆ, ರಾಡಾರ್, ಅಡುಗೆ ಯಾವುದರಲ್ಲಿ ಪಳಗಿದ್ದರೂ ಹೊರಗೆ ಬಂದಾಗ ನಮಗೆ ಅವರ ಕೈಯಲ್ಲಿ ಕಾಣುವುದು ಬಂದೂಕು ಮಾತ್ರ.

ಈ ಮಾತು ಬಂದಾಗ ಯಾರಾದರೂ ಕ್ಯಾಪ್ಟನ್ ಗೋಪಿನಾಥ್ ಹೆಸರು ಎತ್ತೇ ಎತ್ತುತ್ತಾರೆ. ಅವರೂ ನಮ್ಮ ಹಾಸನದವರೇ, ಗೊರೂರು. ಇಪ್ಪತ್ತೆಂಟಕ್ಕೆ ಸೇನೆ ಬಿಟ್ಟು ಜಾವಗಲ್ ಹತ್ತಿರ ಬರಡು ಜಮೀನಿನಲ್ಲಿ ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದರು. ದೊಡ್ಡ ಸಾಹಸ, ಅನುಮಾನವೇ ಇಲ್ಲ. ಆದರೆ ಅವರು ಎನ್‌ಡಿಎಯಲ್ಲಿ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಓದಿದ ಅಧಿಕಾರಿ. ಒಬ್ಬ ಹವಾಲ್ದಾರ್‌ಗೆ ಅವರ ಉದಾಹರಣೆ ಕೊಟ್ಟು 'ಮನಸ್ಸು ಮಾಡಿದರೆ ಆಗುತ್ತೆ' ಅನ್ನುವುದು ನನಗೆ ಸರಿ ಕಾಣಲ್ಲ. ಮನಸ್ಸು ಮಾಡುವುದಕ್ಕೂ ಒಂದು ಮೆಟ್ಟಿಲು ಬೇಕಲ್ವಾ?

ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ. ಆ ಲಾರಿ ಓಡಿಸಿದ ಹುಡುಗನಿಗೆ ನಮ್ಮ ಚಿಕ್ಕಪ್ಪನ ಪೆನ್ಷನ್ ವಿಷಯ ಹೇಳಿದೆ. ಅವನು ನಂಬಲಿಲ್ಲ. ಅಮೆರಿಕದಲ್ಲಿ 20 ವರ್ಷ ತುಂಬದೆ ಬಂದರೆ ಸಾಮಾನ್ಯವಾಗಿ ತಿಂಗಳ ಪೆನ್ಷನ್ ಇಲ್ಲ. ಐದರಲ್ಲಿ ನಾಲ್ಕು ಜನ ಹಾಗೇ ಬರಿಗೈಯಲ್ಲಿ ಬರುತ್ತಿದ್ದರು. 2018ರಿಂದ ಉಳಿತಾಯ ಖಾತೆಗೆ ಸರ್ಕಾರವೂ ಒಂದಿಷ್ಟು ಹಾಕುವ ಪದ್ಧತಿ ಬಂದಿದೆ, ಅಷ್ಟೇ. ನಮ್ಮ ಸಿಪಾಯಿಗೆ 15 ವರ್ಷಕ್ಕೇ ಸಾಯುವವರೆಗೆ ಪೆನ್ಷನ್, ಅವನ ನಂತರ ಹೆಂಡತಿಗೆ. "ಸರ್, ನನ್ನ ಜಿಐ ಬಿಲ್ ತಗೊಂಡು ಅದನ್ನ ಕೊಡಿಸಿ" ಅಂತ ನಕ್ಕ. ತಮಾಷೆಗೆ ಅಂದಿದ್ದು. ಆದರೂ ಯೋಚನೆ ಮಾಡಿದರೆ, ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತಾಗಲೂ ಯಾರ ಮುಂದೆಯೂ ಕೈ ಚಾಚದೆ ಇದ್ದದ್ದು ಆ ಪೆನ್ಷನ್ನಿನಿಂದ.

ಅಮೆರಿಕದವರು ಈ ಓದಿನ ದಾರಿಗೆ ಬಂದದ್ದು ಒಳ್ಳೆತನದಿಂದಲ್ಲ. ಪೆಟ್ಟು ತಿಂದು ಕಲಿತರು. ಮೊದಲನೇ ಮಹಾಯುದ್ಧದಿಂದ ಬಂದವರಿಗೆ 1924ರಲ್ಲಿ ಒಂದು ಬೋನಸ್ ಪತ್ರ ಕೊಟ್ಟರು. ಹಣ ಸಿಗುವುದು 1945ಕ್ಕೆ! ನಡುವೆ ಮಹಾ ಆರ್ಥಿಕ ಕುಸಿತ ಬಂತು. ಕೆಲಸವಿಲ್ಲ, ಊಟವಿಲ್ಲ. 1932ರಲ್ಲಿ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳ ಜೊತೆ ವಾಷಿಂಗ್ಟನ್‌ಗೆ ಹೋಗಿ, ಗುಡಿಸಲು ಹಾಕಿಕೊಂಡು, ಆ ದುಡ್ಡು ಈಗಲೇ ಕೊಡಿ ಅಂತ ಕೂತರು. ಸರ್ಕಾರ ಸೈನ್ಯ ಕರೆಸಿತು. ಜನರಲ್ ಮೆಕಾರ್ಥರ್ ಕುದುರೆ ದಳ, ಟ್ಯಾಂಕು, ಅಶ್ರುವಾಯು ಎಲ್ಲ ತಂದು ಅವರನ್ನು ಓಡಿಸಿದ. ಗುಡಿಸಲುಗಳು ಸುಟ್ಟುಹೋದವು. ಒಂದು ದೇಶದ ಸೈನ್ಯ ತನ್ನದೇ ಹಳೆಯ ಸೈನಿಕರನ್ನು ಅಟ್ಟಿದ ಆ ಚಿತ್ರಗಳು ಜನರ ಮನಸ್ಸಿನಿಂದ ಹೋಗಲಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಮುಂಚೆಯೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟ್ ಮೊದಲ ಜಿಐ ಬಿಲ್‌ಗೆ ಸಹಿ ಹಾಕಿದರು. ಓದಿಗೆ ಹಣ, ಮನೆ ಸಾಲಕ್ಕೆ ಖಾತ್ರಿ, ಕೆಲಸ ಸಿಗುವ ತನಕ ವಾರಕ್ಕೆ 20 ಡಾಲರ್‌ನಂತೆ ಒಂದು ವರ್ಷದವರೆಗೆ.

ದೊಡ್ಡ ದೊಡ್ಡವರು ವಿರೋಧ ಮಾಡಿದರು. ಶಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್, ಕಾಲೇಜುಗಳು ಅಲೆಮಾರಿಗಳ ಬೀಡಾಗುತ್ತವೆ ಅಂತ ಹೆದರಿಸಿದರು. ಆಗಿದ್ದೇ ಬೇರೆ. 1947ಕ್ಕೆ ಕಾಲೇಜು ಸೇರಿದವರಲ್ಲಿ ಹೆಚ್ಚುಕಮ್ಮಿ ಅರ್ಧ ಮಾಜಿ ಸೈನಿಕರು. 1956ರೊಳಗೆ ಸುಮಾರು 78 ಲಕ್ಷ ಜನ ಓದು ಅಥವಾ ತರಬೇತಿ ಪಡೆದರು. ಅವರಲ್ಲಿ 22 ಲಕ್ಷ ಜನ ಕಾಲೇಜಿಗೇ ಹೋದರು. ಉಳಿದವರು ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಥರದ ಕಸುಬು ಕಲಿತರು, ಹೊಲದಲ್ಲಿ ತರಬೇತಿ ಪಡೆದರು. ಕಾನೂನಿನ ಪುಣ್ಯ ಎಲ್ಲರಿಗೂ ಸಿಗಲಿಲ್ಲ. ಕಪ್ಪು ವರ್ಣದ ಸೈನಿಕರಿಗೆ ದಕ್ಷಿಣದ ರಾಜ್ಯಗಳ ಬ್ಯಾಂಕು, ಕಾಲೇಜು ಎರಡೂ ಬಾಗಿಲು ಹಾಕಿದವು. ಮಿಸಿಸಿಪ್ಪಿಯಲ್ಲಿ 1947ರಲ್ಲಿ ಈ ಕಾನೂನಿನಡಿ ಕೊಟ್ಟ 3,000ಕ್ಕೂ ಹೆಚ್ಚು ಸಾಲಗಳಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ಎರಡು. ಕಾನೂನು ವಾಷಿಂಗ್ಟನ್‌ನದ್ದು, ಕೊಡುವ ಕೈ ಸ್ಥಳೀಯರದ್ದು. ಈ ಮಾತು ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇವತ್ತಿನ ಅಮೆರಿಕವೂ ಸ್ವರ್ಗ ಅಲ್ಲ. ಸ್ಯಾನ್ ಆಂಟೋನಿಯೊದ ಮಾಜಿ ಸೈನಿಕರ ಆಸ್ಪತ್ರೆಗೆ ಆಡಿ ಮರ್ಫಿಯ ಹೆಸರಿಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅತಿ ಹೆಚ್ಚು ಪದಕ ಪಡೆದ ಸೈನಿಕರಲ್ಲಿ ಒಬ್ಬ, ಟೆಕ್ಸಸ್‌ನ ಬಡ ರೈತನ ಮಗ, ಆಮೇಲೆ ಸಿನಿಮಾ ನಟ. ಆತ ದಿಂಬಿನ ಕೆಳಗೆ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದ. ಕೆಟ್ಟ ಕನಸುಗಳಿಗೆ ಹೆದರಿ ನಿದ್ದೆ ಮಾತ್ರೆಗೆ ದಾಸನಾಗಿ, ಕೊನೆಗೆ ಒಂದು ಹೋಟೆಲ್ ಕೋಣೆಯಲ್ಲಿ ತನ್ನನ್ನು ತಾನೇ ಬೀಗ ಹಾಕಿಕೊಂಡು ಆ ಚಟ ಬಿಡಿಸಿಕೊಂಡ. ಅದನ್ನು ಮುಚ್ಚಿಡದೆ ಜನರ ಮುಂದೆ ಹೇಳಿದ, ಕೊರಿಯಾ, ವಿಯೆಟ್ನಾಂನಿಂದ ಬಂದವರನ್ನು ನೋಡಿಕೊಳ್ಳಿ ಅಂತ ಸರ್ಕಾರವನ್ನು ಕೇಳಿದ. ಇಷ್ಟೆಲ್ಲ ಆದರೂ 2022ರಲ್ಲಿ ಅಮೆರಿಕದಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ಮನೆಯಿಲ್ಲದೆ ಬೀದಿಯಲ್ಲೋ ಆಶ್ರಯ ಕೇಂದ್ರದಲ್ಲೋ ಇರುವ ಮಾಜಿ ಸೈನಿಕರು 2010ರಲ್ಲಿ ಸುಮಾರು 74,000 ಇದ್ದರು. 2024ರ ಎಣಿಕೆಯಲ್ಲಿ 32,882. ಇಳಿದಿದೆ, ಆದರೂ ನಮ್ಮ ಹಳ್ಳಿಯವರಿಗೆ ಈ ಸಂಖ್ಯೆ ಕೇಳಿದರೆ ದಿಗಿಲಾದೀತು. ನಮ್ಮಲ್ಲಿ ಚಿಕ್ಕಪ್ಪನಂಥವರಿಗೆ ಅಣ್ಣನ ಮನೆಯಾದರೂ ಇರುತ್ತದೆ. ಹಾಗಂತ ನಮ್ಮವರಿಗೆ ಆ ಕನಸುಗಳು ಬೀಳಲ್ಲ ಅಂತಲ್ಲ. ಚಿಕ್ಕಪ್ಪನ ಜೊತೆಗಾರರೊಬ್ಬರು ರಾತ್ರಿ ಕೂಗಿ ಏಳುತ್ತಿದ್ದರು. ಊರವರು 'ಮಿಲಿಟ್ರಿ ರಮ್ಮು ಜಾಸ್ತಿ ಆಯ್ತು' ಅಂತ ನಗುತ್ತಿದ್ದರು. ಡಾಕ್ಟರ್ ಹತ್ತಿರ ಹೋಗಿ ಅಂತ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಇಷ್ಟೂ ಹೇಳಿದ್ದು ಒಂದು ಮಾತಿಗಾಗಿ. 2022ರ ಜೂನ್‌ನಲ್ಲಿ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂತು. ಇದರಡಿ ಸೇರಿದವರಿಗೆ ಅಗ್ನಿವೀರರು ಅಂತ ಹೆಸರು. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. ಉಳಿದ 75 ಜನ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು ಮನೆಗೆ. ಅದರಲ್ಲಿ ಅರ್ಧ ಅವರ ಸಂಬಳದಿಂದಲೇ ಹಿಡಿದದ್ದು. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ. ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಸೇನೆ ಯಾಕೆ ಹೀಗೆ ಮಾಡಿತು, ಯುವಕರು ಬೇಕಾ, ಪೆನ್ಷನ್ ಹೊರೆ ಎಷ್ಟು, ಆ ವಾದ ನನಗೆ ಇಲ್ಲಿ ಬೇಡ. ನನಗೆ ಕಾಣುವುದು ಇಷ್ಟು: ಅಮೆರಿಕದವರು ಹೊಟ್ಟೆಕಿಚ್ಚು ಪಡುವಂಥದ್ದು ನಮ್ಮಲ್ಲಿ ಒಂದಿತ್ತು, ಅದೇ ಆ ಪೆನ್ಷನ್. ಅದನ್ನು ಬಿಟ್ಟೆವು. ಅಮೆರಿಕದ ಥರ ಚಿಕ್ಕ ವಯಸ್ಸಿಗೇ ಹೊರಗೆ ಕಳಿಸುವುದನ್ನು ತಂದೆವು. ಆದರೆ ಹೊರಗೆ ಬಂದವನಿಗೆ ಅವರು ಕೊಡುವ ಬೆಂಚನ್ನು ತರಲಿಲ್ಲ.

ಏನೂ ತರಲಿಲ್ಲ ಅಂದರೆ ತಪ್ಪಾಗುತ್ತದೆ. ಸೇವೆಯಲ್ಲಿರುವಾಗಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮಾಡಬಹುದು, ಅರ್ಧ ಅಂಕ ಸೇನೆಯ ತರಬೇತಿಗೇ ಸಿಗುತ್ತದೆ. ಅರೆಸೇನಾ ಪಡೆಗಳಲ್ಲಿ 10% ಮೀಸಲು ಅಂತ ಆಗಲೇ ಘೋಷಣೆ ಆಯಿತು. ಆದರೆ ನೋಡಿ, ಮತ್ತೆ ಅದೇ ಬಂದೂಕು. ದೂರಶಿಕ್ಷಣದ ಪದವಿಯಲ್ಲಿ ಸರ್ಟಿಫಿಕೇಟು ಸಿಗಬಹುದು, ಲಾರಿ ಹುಡುಗನಿಗೆ ಸಿಕ್ಕ ಅಕ್ಕಪಕ್ಕದ ಬೆಂಚು ಸಿಗಲ್ಲ. ಒಟ್ಟಿಗೆ ಬರುವ ದುಡ್ಡಿನ ಕಥೆಯಂತೂ ನಮ್ಮ ಮನೆಗಳನ್ನು ಬಲ್ಲವರಿಗೆ ಗೊತ್ತು. ಅಕ್ಕನ ಮದುವೆ ಸಾಲ, ಬೋರ್‌ವೆಲ್, ಮನೆಗೆ ಆರ್‌ಸಿಸಿ, ತಮ್ಮನ ಫೀಸು. ಯಾವುದೂ ತಪ್ಪು ಖರ್ಚಲ್ಲ. ಹುಡುಗನ ಓದಿಗೆ ಮಾತ್ರ ಏನೂ ಉಳಿಯಲ್ಲ. ಜಿಐ ಬಿಲ್‌ನ ಹಣವನ್ನು ಅಪ್ಪನ ಬೋರ್‌ವೆಲ್‌ಗೆ ಹಾಕಲು ಬರುವುದಿಲ್ಲ. ಕ್ಲಾಸಿಗೆ ಹೋದರೆ ಉಂಟು, ಹೋಗದಿದ್ದರೆ ಇಲ್ಲ. ಈ ಹಟಮಾರಿತನವೇ ಅದರ ಗುಣ.

ಕರ್ನಾಟಕ ಮಾಡಬಹುದಾದ್ದು ದೊಡ್ಡ ಕೆಲಸವೇನಲ್ಲ. ಪಾಲಿಟೆಕ್ನಿಕ್‌ಗಳಲ್ಲಿ, ಐಟಿಐಗಳಲ್ಲಿ ವಾಪಸ್ ಬಂದ ಅಗ್ನಿವೀರರಿಗೆ ಹೆಚ್ಚುವರಿ ಸೀಟು. ಐಟಿಐ ಮಾಡಿದವರನ್ನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ತೆಗೆದುಕೊಳ್ಳುತ್ತೇವಲ್ಲ, ಅದೇ ದಾರಿಯಲ್ಲಿ ಸೇನೆಯಲ್ಲಿ ಕಲಿತ ಕಸುಬಿಗೂ ಒಂದು ಬೆಲೆ ಕಟ್ಟುವುದು. ಎಲ್ಲಕ್ಕಿಂತ ಮುಖ್ಯ, ಓದುವಷ್ಟು ದಿನ ತಿಂಗಳಿಗಿಷ್ಟು ಅಂತ ಕೈಗೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ನಮ್ಮಲ್ಲಿ ಇದ್ದೇ ಇದೆ, ಹೊಸ ಕಟ್ಟಡ ಬೇಡ. ಅಗ್ನಿವೀರರಿಗೂ ಅದರ ಬಾಗಿಲು ತೆರೆಯಬೇಕು ಅಷ್ಟೇ. 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದವರು ನಮ್ಮ ಕಾರಿಯಪ್ಪನವರು. ಈ ವಿಷಯದಲ್ಲಿ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದಿಡಲು ನಮಗೆ ಹಕ್ಕಿದೆ. ಅಗ್ನಿವೀರರ ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಮೊದಲಿಗೆ. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯಿಂದ.

ಚಿಕ್ಕಪ್ಪನ ಮೊಮ್ಮಗ, ಅಂದರೆ ನನ್ನ ತಂಗಿಯ ಮಗ, 2023ರಲ್ಲಿ ಅಗ್ನಿವೀರನಾಗಿ ಸೇರಿದ. ಸಿಗ್ನಲ್ಸ್‌ನಲ್ಲಿದ್ದಾನೆ, ಕೇಬಲ್ಲು, ರೇಡಿಯೊ ಎಲ್ಲ ಬಿಚ್ಚಿ ಜೋಡಿಸುತ್ತಾನೆ. ರಜೆಗೆ ಬಂದಾಗ ಫೋನ್ ಮಾಡಿದ್ದ. "ಆ 25ರಲ್ಲಿ ನಾನಿರ್ತೀನೋ ಇಲ್ವೋ ಯಾರಿಗೆ ಗೊತ್ತು ಮಾವ" ಅಂದ. ಇಲ್ಲ ಅಂತಲೇ ಇಟ್ಟುಕೋ, ಬಂದ ದುಡ್ಡನ್ನು ಬ್ಯಾಂಕಲ್ಲಿ ಹಾಕಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡು, ಕಮ್ಮಿ ಬಿದ್ದರೆ ನಾನಿದ್ದೀನಿ ಅಂದೆ. ಅವನಿಗೆ ಇಷ್ಟವಾಯಿತು, ಎರಡು ದಿನ ಕಾಲೇಜುಗಳ ಹೆಸರನ್ನೂ ಹುಡುಕಿದ. ಮೂರನೇ ದಿನ ಮತ್ತೆ ಫೋನ್. "ನೀವು ಹೇಳೋದು ಸರಿ ಮಾವ. ಆದ್ರೆ ಅಪ್ಪ ಆಗ್ಲೇ ಸಾಲ ಮಾಡಿ ಹಾಸನದಲ್ಲಿ ಸೈಟಿಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ." ಭಾವನಿಗೆ ಫೋನ್ ಹಚ್ಚಿ ಕೇಳಿದರೆ, ಹುಡುಗ ವಾಪಸ್ ಬರೋ ತನಕ ಸೈಟಿನ ರೇಟು ನಿಂತಿರುತ್ತಾ ಹೇಳಿ ಅಂತ ನನಗೇ ತಿರುಗಿ ಕೇಳಿದರು.